ಐದು ಡಾಲರ್ ನೋಟಿನ ಮೇಲಿನ ಕೈ

ಟೊರಾಂಟೊದಲ್ಲಿರುವ ಅಕ್ಕನ ಮಗ ರಜೆಗೆ ಬಂದವನು ಊರು, ಮಠ, ನೆಂಟರು ಎಲ್ಲ ಮುಗಿಸಿ ವಾಪಸು ಹೋಗುವ ಮುಂಚೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಎರಡು ದಿನ ಇದ್ದ. ಹೊರಡುವ ರಾತ್ರಿ ಪರ್ಸ್ ತೆಗೆದು, "ಮಾವ, ಇದು ನಿಮ್ಮ ಡಬ್ಬಿಗೆ" ಅಂತ ಒಂದು ನೋಟು ಕೊಟ್ಟ. ನೀಲಿ ಬಣ್ಣದ ಐದು ಡಾಲರ್, ಪ್ಲಾಸ್ಟಿಕ್ಕಿನದು. ಕ್ಯಾಶ್ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವನ ಕೈ ನೋಡಿ, ಯಾವ ನೋಟು ಸಿಕ್ಕರೂ ಮೊದಲು ಬೆಳಕಿಗೆ ಹಿಡಿಯುತ್ತದೆ. ಮುಂಭಾಗದಲ್ಲಿ ಅವರ ಹಳೆಯ ಪ್ರಧಾನಿ ಲೊರಿಯೆ. ಹಿಂಭಾಗದಲ್ಲಿ ಭೂಮಿಯ ಮೇಲೆ ತೇಲುವ ಒಬ್ಬ ಗಗನಯಾತ್ರಿ, ಪಕ್ಕದಲ್ಲಿ ಮೊಣಕೈ ಮಡಚಿದ ಉದ್ದನೆಯ ಕ್ರೇನಿನಂಥದ್ದು.

"ಇದೇನೋ, ಕ್ರೇನಾ?" ಅಂದೆ.

"ಅದು ಕೆನಡಾರ್ಮ್ ಮಾವ. ಸ್ಪೇಸ್ ಸ್ಟೇಷನ್ನಿನ ಕೈ. ಅಲ್ಲಿ ಮಕ್ಕಳಿಗೂ ಗೊತ್ತು."

ನನಗೆ ಗೊತ್ತಿರಲಿಲ್ಲ. ನಮ್ಮ ಎರಡು ಸಾವಿರದ ನೋಟಿನ ಹಿಂದೆ ಮಂಗಳಯಾನ ಇತ್ತಲ್ಲ, ಹಾಗೇ ಅವರು 2013ರಲ್ಲಿ ತಮ್ಮ ನೋಟಿನ ಮೇಲೆ ಈ ಕೈಯನ್ನು ಹಾಕಿಕೊಂಡಿದ್ದಾರೆ. ಒಂದು ದೇಶ ರಾಕೆಟ್ಟೂ ಅಲ್ಲದ, ಹಡಗೂ ಅಲ್ಲದ ಒಂದು ಕೈಯನ್ನು ಇಷ್ಟು ಹಚ್ಚಿಕೊಳ್ಳುವುದು ಯಾಕೆ ಅಂತ ಕುತೂಹಲ ಹುಟ್ಟಿತು. ಆಮೇಲೆ ನಾಲ್ಕೈದು ತಿಂಗಳು ಲೋಕಲ್ ಟ್ರೈನಿನಲ್ಲಿ ಮೊಬೈಲ್ ಹಿಡಿದು ಓದಿದ್ದೇ ಓದಿದ್ದು. ನಾನು ಬಿ.ಕಾಂ. ಮನುಷ್ಯ, ವಿಜ್ಞಾನದ ಪಂಡಿತನಲ್ಲ. ಲೆಕ್ಕಪತ್ರದವನ ಕಣ್ಣಿಗೆ ಈ ಚರಿತ್ರೆ ಹೇಗೆ ಕಂಡಿತೋ ಹಾಗೇ ಬರೆಯುತ್ತಿದ್ದೇನೆ.

ಕೆನಡಾ ಬಾಹ್ಯಾಕಾಶಕ್ಕೆ ಹೊಸಬನೇನಲ್ಲ. 1962ರ ಸೆಪ್ಟೆಂಬರಿನಲ್ಲೇ ಅದರ ಅಲುಯೆಟ್-1 ಉಪಗ್ರಹ ಹಾರಿತ್ತು. ಸೋವಿಯತ್ ಒಕ್ಕೂಟ ಮತ್ತು ಅಮೆರಿಕ ಬಿಟ್ಟರೆ ಸ್ವಂತ ಉಪಗ್ರಹ ಕಟ್ಟಿದ ಮೂರನೇ ದೇಶ ಅದು. ಆದರೆ ಹಾರಿಸಲು ಸ್ವಂತ ರಾಕೆಟ್ ಇರಲಿಲ್ಲ, ಅಮೆರಿಕದ ರಾಕೆಟ್ಟೇ ಗತಿ. 1969ರಲ್ಲಿ ನಾಸಾ ಸ್ಪೇಸ್ ಶಟಲ್ ಯೋಜನೆಗೆ ಕೈಜೋಡಿಸಿ ಅಂತ ಕರೆದಾಗ ಇವರು ಯೋಚಿಸಿದ್ದು, ದೊಡ್ಡವರ ಮನೆಯ ಮದುವೆಯಲ್ಲಿ ನಾವು ಯಾವ ಕೆಲಸ ವಹಿಸಿಕೊಂಡರೆ ನಮ್ಮನ್ನು ಬಿಟ್ಟು ನಡೆಯದು ಅಂತ. ಶಟಲ್ಲಿನ ಹೊಟ್ಟೆಯಿಂದ ಉಪಗ್ರಹಗಳನ್ನು ಎತ್ತಿ ಹೊರಗಿಡಲು ಒಂದು ಕೈ ಬೇಕಿತ್ತು. 1975ರಲ್ಲಿ ಒಪ್ಪಂದವಾಯಿತು. ಮೊದಲನೇ ಕೈಯನ್ನು ಕೆನಡಾ ತನ್ನ ಖರ್ಚಿನಲ್ಲೇ, ಸುಮಾರು 10 ಕೋಟಿ ಕೆನಡಾ ಡಾಲರಿಗೆ ಮಾಡಿಕೊಟ್ಟಿತು. ಅದು ಚೆನ್ನಾಗಿದ್ದರೆ ಮುಂದಿನವನ್ನು ನಾಸಾ ದುಡ್ಡು ಕೊಟ್ಟು ಕೊಳ್ಳುವುದು. ನಾಸಾ ಹಾಗೇ ಇನ್ನೂ ನಾಲ್ಕು ಕೊಂಡಿತು. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ ಮಾರ್ಜಿನ್ ಮನಿ ಹಾಕಿ ಖಾತೆ ಹಿಡಿದ ಹಾಗೆ!

ಕೈ ತಯಾರಾದದ್ದು ಟೊರಾಂಟೊದ ಸ್ಪಾರ್ ಏರೋಸ್ಪೇಸ್ ಎಂಬ ಕಂಪನಿಯಲ್ಲಿ. ಉದ್ದ 15 ಮೀಟರಿಗೆ ಸ್ವಲ್ಪ ಹೆಚ್ಚು, ತೂಕ ಸುಮಾರು 410 ಕಿಲೋ. ಭುಜದಲ್ಲಿ ಎರಡು ಕೀಲು, ಮೊಣಕೈಯಲ್ಲಿ ಒಂದು, ಮಣಿಕಟ್ಟಿನಲ್ಲಿ ಮೂರು. ಹಿಡಿಯುವ ತುದಿಯಲ್ಲಿ ಬೆರಳುಗಳಿಲ್ಲ, ಒಂದು ಟೊಳ್ಳು ಡಬ್ಬಿ. ಒಳಗೆ ಮೂರು ತಂತಿಗಳ ಕುಣಿಕೆ. ಹಿಡಿಯಬೇಕಾದ ವಸ್ತುವಿಗೆ ಒಂದು ಕಡ್ಡಿ ಇರುತ್ತದೆ, ಡಬ್ಬಿ ಅದರ ಮೇಲೆ ಕವಿಯುತ್ತದೆ, ತಂತಿಗಳು ತಿರುಗಿ ಕಡ್ಡಿಯನ್ನು ಬಿಗಿಯುತ್ತವೆ. ನಮ್ಮಜ್ಜಿ ಬಾವಿಗೆ ಬಿದ್ದ ಕೊಡಪಾನ ತೆಗೆಯಲು ಹಗ್ಗದ ಕುಣಿಕೆ ಇಳಿಬಿಡುತ್ತಿದ್ದದ್ದು ನೆನಪಾಯಿತು.

ಇದರಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಬೇರೆ. ತೂಕವಿಲ್ಲದ ಜಾಗದಲ್ಲಿ 29 ಟನ್ನಿನ ಸಾಮಾನನ್ನು ಸರಿಸಲೆಂದು ಮಾಡಿದ ಈ ಕೈಗೆ ಭೂಮಿಯ ಮೇಲೆ ತನ್ನ ಭಾರವನ್ನೇ ತಾನು ಎತ್ತಲಾಗುತ್ತಿರಲಿಲ್ಲ. ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಕನ್ನಡಿಯಂತೆ ಸಮತಟ್ಟಾದ ನೆಲದ ಮೇಲೆ, ಗಾಳಿಯ ಪದರದ ಮೇಲೆ ತೇಲುವ ಆಧಾರಗಳನ್ನು ಕೊಟ್ಟು ಅಡ್ಡಡ್ಡ ಆಡಿಸಿ ನೋಡಿದರು. ಮೇಲೆ ಕೆಳಗೆ ಆಡುವುದನ್ನೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಹ್ಯೂಸ್ಟನ್ನಿನಲ್ಲಿ ಗಗನಯಾತ್ರಿಗಳ ಅಭ್ಯಾಸಕ್ಕೆ ಅದೇ ಅಳತೆಯ, ಹೈಡ್ರಾಲಿಕ್ಸ್‌ನಿಂದ ಆಡುವ ಇನ್ನೊಂದು ಕೈ ಮಾಡಿಟ್ಟರು. ಆ ಕೈಗೆ ಎತ್ತಲು ಕೊಟ್ಟ ಉಪಗ್ರಹಗಳು ಯಾವುವು ಗೊತ್ತೇ? ಹೀಲಿಯಂ ತುಂಬಿದ ದೊಡ್ಡ ದೊಡ್ಡ ಬಲೂನುಗಳು! ಮೇಲೆ ನಡೆಯುವ ಒಂದು ಗಂಟೆಯ ಕೆಲಸಕ್ಕೆ ಕೆಳಗೆ ಎಷ್ಟೊಂದು ಅಂಗಳ, ಎಷ್ಟೊಂದು ಅಟ್ಟಣಿಗೆ ಬೇಕು ಅನ್ನುವುದು ಆಗಲೇ ಶುರುವಾಗಿತ್ತು.

1981ರ ನವೆಂಬರಿನಲ್ಲಿ ಶಟಲ್ಲಿನ ಎರಡನೇ ಯಾನದಲ್ಲಿ ಕೈ ಮೊದಲ ಬಾರಿ ಮೇಲೆ ಹೋಯಿತು. ಜೋ ಎಂಗಲ್, ರಿಚರ್ಡ್ ಟ್ರೂಲಿ ಇಬ್ಬರೇ ಯಾತ್ರಿಗಳು. ಐದು ದಿನದ ಯಾನ, ವಿದ್ಯುತ್ ಕೊಡುವ ಒಂದು ಫ್ಯೂಯಲ್ ಸೆಲ್ ಕೆಟ್ಟು ಎರಡು ದಿನಕ್ಕೆ ಇಳಿಯಿತು. ಕೆಲಸದ ಪಟ್ಟಿಗೆ ಕತ್ತರಿ ಬಿತ್ತು. ಇವರಿಬ್ಬರೂ ಏನು ಮಾಡಿದರು? ಮಲಗಬೇಕಾದ ಹೊತ್ತಿನಲ್ಲಿ ಎದ್ದು ಕೂತು, ನೆಲದ ಕೇಂದ್ರಗಳ ಸಂಪರ್ಕ ಇಲ್ಲದ ವೇಳೆ ನೋಡಿಕೊಂಡು ಕೈಯನ್ನು ಆಡಿಸಿ ಪರೀಕ್ಷೆ ಮಾಡಿದರು. ಮೇಲಧಿಕಾರಿ ಊಟಕ್ಕೆ ಹೋದಾಗ ಹೊಸ ಯಂತ್ರ ಮುಟ್ಟಿ ನೋಡುವ ಗುಮಾಸ್ತರ ಹಾಗೆ! ಮೂವತ್ತು ವರ್ಷಗಳಲ್ಲಿ ಇದು ಪೂರ್ತಿ ತಲೆಕೆಳಗಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಐದು ಕೈಗಳಲ್ಲಿ ಒಂದು 1986ರ ಜನವರಿಯಲ್ಲಿ ಚಾಲೆಂಜರ್ ಜೊತೆ ನಾಶವಾಯಿತು. ಉಳಿದವು ದುಡಿದವು. 1990ರಲ್ಲಿ ಹಬಲ್ ದೂರದರ್ಶಕವನ್ನು ಕಕ್ಷೆಗೆ ಬಿಟ್ಟದ್ದು ಈ ಕೈ. ಅದರ ಕಣ್ಣು ಮಂಜಾಗಿದೆ ಅಂತ ಗೊತ್ತಾದ ಮೇಲೆ 1993ರಲ್ಲಿ ಹಿಡಿದು ತಂದು ರಿಪೇರಿಗೆ ನಿಲ್ಲಿಸಿದ್ದೂ ಇದೇ. 1984ರಲ್ಲಿ ಶಟಲ್ಲಿನ ಕೊಳಚೆ ನೀರು ಹೊರಹೋಗುವ ಬಾಯಲ್ಲಿ ಗಟ್ಟಿಯಾಗಿ ಬೆಳೆದಿದ್ದ ಮಂಜುಗಡ್ಡೆಯನ್ನು ತಟ್ಟಿ ಉದುರಿಸಿದ್ದೂ ಇದೇ ಕೈ. ಕೈ ಅಂದಮೇಲೆ ಎಲ್ಲ ಕೆಲಸವೂ ಬರುತ್ತದೆ.

ಈಗ 1997. ಈ ಭಾಗ ಬರೆಯುವುದಕ್ಕೇ ನಾನು ಇಷ್ಟು ಪೀಠಿಕೆ ಹಾಕಿದ್ದು ಅನ್ನಬಹುದು.

ಆ ನವೆಂಬರಿನಲ್ಲಿ ಕರ್ನಾಲಿನ ಹುಡುಗಿ ಕಲ್ಪನಾ ಚಾವ್ಲಾ ಕೊಲಂಬಿಯಾ ಶಟಲ್ಲಿನಲ್ಲಿ ಹೋದರು. ಪತ್ರಿಕೆಗಳಲ್ಲಿ ಅವರ ಫೋಟೋ ಬಂದದ್ದು ನಿಮಗೂ ನೆನಪಿರಬಹುದು. ಕೈಯನ್ನು ಆಡಿಸುವ ಕೆಲಸ ಅವರದ್ದು. ನವೆಂಬರ್ 21ರಂದು ಸ್ಪಾರ್ಟನ್ ಎಂಬ, ಸೂರ್ಯನನ್ನು ನೋಡುವ ಸುಮಾರು 1,350 ಕಿಲೋದ ಉಪಗ್ರಹವನ್ನು ಕೈಯಿಂದ ಎತ್ತಿ ಹೊರಗೆ ಬಿಟ್ಟರು. ಬಿಟ್ಟ ಕೂಡಲೇ ಅದು ತಾನಾಗಿ ಒಂದು ಸುತ್ತು ತಿರುಗಿ 'ನಾನು ಸರಿಯಾಗಿದ್ದೇನೆ' ಅಂತ ತೋರಿಸಬೇಕಿತ್ತು. ಅಲುಗಾಡಲಿಲ್ಲ. ಮತ್ತೆ ಹಿಡಿಯಲು ಹೋದಾಗ ಹಿಡಿತ ಸಿಗಲಿಲ್ಲ, ಕೈ ಹಿಂದೆ ಸರಿಯುವಾಗ ತಾಗಿ ಸ್ಪಾರ್ಟನ್ ನಿಧಾನವಾಗಿ ಗಿರಕಿ ಹೊಡೆಯತೊಡಗಿತು. ಮೂರು ದಿನದ ಮೇಲೆ ವಿನ್‌ಸ್ಟನ್ ಸ್ಕಾಟ್ ಮತ್ತು ಜಪಾನಿನ ತಕಾವೊ ದೋಯಿ ಹೊರಗೆ ಹೋಗಿ, ಬರಿಗೈಯಲ್ಲಿ ಅಂದರೆ ಗ್ಲೌಸಿನ ಕೈಯಲ್ಲಿ, ಅದನ್ನು ಹಿಡಿದು ತಂದರು. ಉಪಗ್ರಹ ಉಳಿಯಿತು. ಪ್ರಯೋಗ ಆಗಲಿಲ್ಲ.

ನಮ್ಮ ಶಾಖೆಯಲ್ಲಿ ಚಹಾ ಹೊತ್ತಿನಲ್ಲಿ ಇದೇ ಮಾತು. "ಅಷ್ಟು ದೂರ ಹೋಗಿ ಕೈಕೊಟ್ಟಳಲ್ಲ" ಅಂದರು ಒಬ್ಬರು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ತಿಂಗಳುಗಟ್ಟಲೆ ತನಿಖೆ ನಡೆಯಿತು. ಬಿಡುವ ಮುಂಚೆ ಉಪಗ್ರಹವನ್ನು ಎಬ್ಬಿಸಲು ಕೊಡಬೇಕಾದ ಆಜ್ಞೆಗಳಲ್ಲಿ ಒಂದು ಸರಿಯಾಗಿ ಹೋಗಿರಲಿಲ್ಲ. ಅದು ಹೋಗಿಲ್ಲ ಅನ್ನುವುದು ಮೇಲಿದ್ದವರಿಗೂ ತಿಳಿಯಲಿಲ್ಲ, ಕೆಳಗಿದ್ದವರಿಗೂ ತಿಳಿಯಲಿಲ್ಲ. ಸಾಫ್ಟ್‌ವೇರು ಮನುಷ್ಯನಿಗೆ ಮಾಹಿತಿ ತೋರಿಸುವ ರೀತಿಯಲ್ಲಿ, ಯಾತ್ರಿಗಳು ಮತ್ತು ನೆಲದ ನಿಯಂತ್ರಣದವರು ಪಾಲಿಸಬೇಕಾದ ಕ್ರಮದಲ್ಲಿ ದೋಷ ಇದೆ ಅಂತ ನಾಸಾ ತೀರ್ಮಾನಿಸಿ ಕಲ್ಪನಾರನ್ನು ದೋಷಮುಕ್ತ ಮಾಡಿತು. ಅದೇ ಸ್ಪಾರ್ಟನ್ ಮರುವರ್ಷ ಇನ್ನೊಂದು ಯಾನದಲ್ಲಿ ಹೋಗಿ ಕೆಲಸ ಮುಗಿಸಿ ಬಂತು. ಆದರೆ ಈ ತೀರ್ಮಾನ ನಮ್ಮ ಚಹಾ ಗುಂಪಿನವರೆಗೆ ಬರಲಿಲ್ಲ. ಬಂದಿದ್ದರೂ ಯಾರು ಓದುತ್ತಿದ್ದರು?

ನನಗೆ ಇದು ಅರ್ಥವಾದದ್ದು 1999ರಲ್ಲಿ, ನನ್ನದೇ ತಲೆಗೆ ಬಂದಾಗ. ಆಗಷ್ಟೇ ಶಾಖೆಗಳಲ್ಲಿ ಲೆಡ್ಜರ್ ಹೋಗಿ ಕಂಪ್ಯೂಟರ್ ಬಂದಿತ್ತು. ಒಬ್ಬ ಸಣ್ಣ ಬಟ್ಟೆ ವ್ಯಾಪಾರಿ ಬೆಳಿಗ್ಗೆ ಕಟ್ಟಿದ ಹಣದ ಚೀಟಿಯನ್ನು ನಾನು ಎಂಟ್ರಿ ಹೊಡೆದೆ. ಪರದೆಯ ಮೇಲೆ ಮೊತ್ತ ಕಾಣುತ್ತಿತ್ತು. ಇನ್ನೊಂದು ಕೀ ಒತ್ತಿದರೆ ಮಾತ್ರ ಅದು ಖಾತೆಗೆ ಸೇರುತ್ತದೆ, ಒತ್ತದಿದ್ದರೆ ಯಂತ್ರ ತುಟಿ ಪಿಟಕ್ ಅನ್ನುವುದಿಲ್ಲ. ರಾತ್ರಿ ತಾಳೆ ನೋಡುವಾಗ ವ್ಯತ್ಯಾಸ ಸಿಕ್ಕಿತು. ಅಷ್ಟರಲ್ಲಿ ಕ್ಲಿಯರಿಂಗಿನಲ್ಲಿ ಬಂದಿದ್ದ ಅವರ ಚೆಕ್ಕು 'ಹಣ ಸಾಲದು' ಅಂತ ವಾಪಸು ಹೋಗಿಯಾಗಿತ್ತು. ಮೂರು ದಿನದಲ್ಲಿ ವಿವರಣೆ ಕೊಡಿ ಅಂತ ಮೆಮೊ ಬಂತು. ಕೊಟ್ಟೆ. ಮುಂದಿನ ತಿಂಗಳುಗಳಲ್ಲಿ ಇನ್ನೂ ಮೂವರಿಗೆ ಅದೇ ಆಯಿತು, ಆಮೇಲೆ ಪರದೆಯನ್ನೇ ಬದಲಾಯಿಸಿದರು. ನನ್ನ ಮೆಮೊ ಮಾತ್ರ ಫೈಲಿನಲ್ಲೇ ಉಳಿಯಿತು. ಅದರ ಸಿಟ್ಟು ಎಂದೋ ಇಳಿದಿದೆ. ಮರೆಯಲಾಗದ್ದು ಆ ವ್ಯಾಪಾರಿಯನ್ನು. "ಹದಿನಾರು ವರ್ಷದಲ್ಲಿ ನನ್ನ ಒಂದು ಚೆಕ್ಕೂ ವಾಪಸು ಹೋಗಿರಲಿಲ್ಲ ಸಾಹೇಬರೇ" ಅಂದರು. ಕೂಗಾಡಲಿಲ್ಲ. ಖಾತೆ ಮುಚ್ಚಿ ಹೋದರು. ಪರದೆಯ ತಪ್ಪು ಅಂತ ನನಗೆ ನಾನು ಹೇಳಿಕೊಂಡರೆ ಅವರ ಮರ್ಯಾದೆ ವಾಪಸು ಬರುತ್ತದೆಯೇ?

2003ರ ಫೆಬ್ರವರಿ 1, ಶನಿವಾರ. ಅರ್ಧ ದಿನದ ಬ್ಯಾಂಕು ಮುಗಿಸಿ ಮನೆಗೆ ಬಂದು ಸಂಜೆ ಟಿ.ವಿ. ಹಾಕಿದರೆ ಆಕಾಶದಲ್ಲಿ ಬಿಳಿ ಗೆರೆಗಳು. ಕೊಲಂಬಿಯಾ ಇಳಿಯುವ ಹೊತ್ತಿನಲ್ಲಿ ಚೂರಾಗಿತ್ತು. ಏಳು ಜನ. ಅದರಲ್ಲಿ ಕಲ್ಪನಾ. ನಮ್ಮ ಕಾಲೊನಿಯಲ್ಲಿ ಅವತ್ತು ರಾತ್ರಿ ಯಾರ ಮನೆಯಲ್ಲೂ ಜೋರು ಮಾತಿರಲಿಲ್ಲ. ನನಗೆ ಐದು ವರ್ಷದ ಹಿಂದಿನ ಆ ನಗೆ ನೆನಪಾಗಿ ಊಟ ಸೇರಲಿಲ್ಲ.

ಈಗ ಓದುವಾಗ ತಿಳಿದ ವಿಷಯ ಇದು. ಹಾರಿದ 82 ಸೆಕೆಂಡಿಗೆ ಇಂಧನ ಟ್ಯಾಂಕಿನಿಂದ ಕಳಚಿದ ಫೋಮಿನ ತುಂಡು ಎಡ ರೆಕ್ಕೆಯ ಅಂಚಿಗೆ ಬಡಿದಿತ್ತು. ಕೆಳಗಿದ್ದ ಎಂಜಿನಿಯರುಗಳು ವಿಡಿಯೋದಲ್ಲಿ ಅದನ್ನು ಕಂಡಿದ್ದರು. ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಚಿತ್ರ ತೆಗೆಸಿ ಅಂತ ಕೇಳಿದ್ದರು. ಮೇಲಿನವರು ಅದನ್ನು ಮುಂದುವರಿಸಲಿಲ್ಲ. ಆ ಯಾನದಲ್ಲಿ ಶಟಲ್ಲಿಗೆ ಕೈ ಇರಲಿಲ್ಲ! ಅವತ್ತಿನ ಕೆಲಸಕ್ಕೆ ಬೇಡವೆಂದು ಹಾಕಿರಲಿಲ್ಲ. ಕೈಯನ್ನು ಆಡಿಸಿ ಬಲ್ಲವರು ಒಳಗಿದ್ದರು, ಕೈ ಇರಲಿಲ್ಲ. ಇದ್ದಿದ್ದರೂ ಬರೀ ಅದರಿಂದ ಆ ಜಾಗ ಚೆನ್ನಾಗಿ ಕಾಣುತ್ತಿತ್ತು ಅಂತ ಹೇಳಲಾಗದು, ಅದರ ಅಳತೆಗೆ ಮಿತಿಯಿತ್ತು. ತನಿಖಾ ಮಂಡಳಿ ಫೋಮನ್ನು ಎಷ್ಟು ದೂರಿತೋ ಸಂಸ್ಥೆಯೊಳಗಿನ ನಡವಳಿಕೆಯನ್ನೂ ಅಷ್ಟೇ ದೂರಿತು. 2005ರ ಜುಲೈನಲ್ಲಿ ಶಟಲ್ ಮತ್ತೆ ಹಾರಿದಾಗ ಕೈಗೆ 15 ಮೀಟರಿನ ಇನ್ನೊಂದು ಕೋಲು ಜೋಡಿಸಿದ್ದರು. ಅದರ ತುದಿಯಲ್ಲಿ ಕ್ಯಾಮೆರಾ, ಲೇಸರ್. ಅಲ್ಲಿಂದ 2011ರ ಜುಲೈನ ಕಡೆಯ ಯಾನದವರೆಗೆ ಪ್ರತಿ ಸಾರಿಯೂ ರೆಕ್ಕೆಯ ಅಂಚನ್ನು ತಡವಿ ನೋಡುವುದು ಕಡ್ಡಾಯವಾಯಿತು.

ಅಷ್ಟರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ತನ್ನದೇ ಕೈ ಬಂದಿತ್ತು. 2001ರ ಏಪ್ರಿಲ್‌ನಲ್ಲಿ ಎಂಡೆವರ್ ಶಟಲ್ ಕೆನಡಾರ್ಮ್-2ನ್ನು ಒಯ್ದಿತು. ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ಅದನ್ನು ಕೂರಿಸಲು ಹೊರಗೆ ಹೋಗಿ, ಬಾಹ್ಯಾಕಾಶದಲ್ಲಿ ನಡೆದ ಮೊದಲ ಕೆನಡಿಯನ್ ಆದರು. ಆ ದಿನಗಳಲ್ಲೇ ನಿಲ್ದಾಣದ ಮುಖ್ಯ ಕಂಪ್ಯೂಟರುಗಳು ಒಂದರ ಹಿಂದೊಂದು ಕೈಕೊಟ್ಟು ಕೆಲಸ ತಡವಾಯಿತು. ಕೊನೆಗೆ ಏಪ್ರಿಲ್ 28ರಂದು ಹೊಸ ಕೈ ತಾನು ಬಂದಿದ್ದ ತೊಟ್ಟಿಲನ್ನು ಹಳೆಯ ಕೈಗೆ ಒಪ್ಪಿಸಿತು. ಚಾರ್ಜ್ ಹಸ್ತಾಂತರ ಅಂದರೆ ಹಾಗಿರಬೇಕು.

ಹೊಸದರ ಉದ್ದ 17.6 ಮೀಟರ್, ಕೀಲು ಏಳು. ಭುಜ ಯಾವುದು ಅಂಗೈ ಯಾವುದು ಅನ್ನುವ ಭೇದ ಇದಕ್ಕಿಲ್ಲ, ಎರಡು ತುದಿಯೂ ಒಂದೇ. ಒಂದು ತುದಿಯನ್ನು ನಿಲ್ದಾಣದ ಗೂಟಕ್ಕೆ ಕಚ್ಚಿಕೊಂಡು ಇನ್ನೊಂದನ್ನು ಮುಂದಿನ ಗೂಟಕ್ಕೆ ಚಾಚುತ್ತದೆ, ಆಮೇಲೆ ಹಿಂದಿನದನ್ನು ಬಿಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಜಿಗಣೆ ನಡೆಯುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ದೊಡ್ಡ ಹೊರೆ ಹಿಡಿದಾಗ ವೇಗ ಸೆಕೆಂಡಿಗೆ 2 ಸೆಂಟಿಮೀಟರ್ ಅಷ್ಟೇ. ಅಲ್ಲಿ ತೂಕವಿಲ್ಲ ನಿಜ, ಆದರೆ ಹೊರಟ ಟನ್ನುಗಟ್ಟಲೆ ಸಾಮಾನನ್ನು ನಿಲ್ಲಿಸುವುದು ಭೂಮಿಯಲ್ಲಿದ್ದಷ್ಟೇ ಕಷ್ಟ. 2002ರಲ್ಲಿ ಇದರ ಮಣಿಕಟ್ಟಿನ ಒಂದು ಕೀಲು ಕೆಟ್ಟಾಗ ಯಾತ್ರಿಗಳು ಅಲ್ಲೇ ಬದಲಾಯಿಸಿದರು. 2008ರ ಮಾರ್ಚ್‌ನಲ್ಲಿ ಡೆಕ್ಸ್‌ಟರ್ ಬಂತು. ಎರಡು ತೋಳಿನ, 3.7 ಮೀಟರ್ ಎತ್ತರದ ರೋಬಾಟ್, ದೊಡ್ಡ ಕೈಯ ತುದಿಗೆ ಕೂತು ನಾಜೂಕು ಕೆಲಸ ಮಾಡುವಂಥದ್ದು.

ಇದನ್ನೆಲ್ಲ ಆಡಿಸುವವರು ಯಾರು? ಮೊದಲು ನಿಲ್ದಾಣದ ಒಳಗಿನ ಯಾತ್ರಿಗಳೇ. 2000ದ ದಶಕದ ನಡುವಿನಿಂದ ನೆಲದಿಂದಲೇ ಆಡಿಸುವುದನ್ನು ಒಂದೊಂದು ಹೆಜ್ಜೆ ಇಟ್ಟು ಕಲಿತರು. ಹ್ಯೂಸ್ಟನ್ನಿನ ನಿಯಂತ್ರಣ ಕೊಠಡಿಯಲ್ಲಿ ರೋಬಾಟಿನವರಿಗೇ ಒಂದು ಮೇಜು. ಮಾಂಟ್ರಿಯಲ್ ಪಕ್ಕದ ಸೇಂಟ್ ಹ್ಯೂಬರ್ಟಿನಲ್ಲಿ ಕೆನಡಾ ಬಾಹ್ಯಾಕಾಶ ಸಂಸ್ಥೆಯ ಇನ್ನೊಂದು ಕೇಂದ್ರ. ಕೈಯನ್ನು ಮುಟ್ಟುವ ಯಾತ್ರಿಗಳು ಯಾವ ದೇಶದವರಾದರೂ ಅಲ್ಲಿಗೆ ಹೋಗಿ ಸಿಮ್ಯುಲೇಟರಿನಲ್ಲಿ ಕಲಿಯುವುದು ರೂಢಿ. ಹ್ಯೂಸ್ಟನ್ನಿನಲ್ಲಿ 62 ಮೀಟರ್ ಉದ್ದ, 12 ಮೀಟರ್ ಆಳದ ಕೊಳವೂ ಇದೆ, ನಿಲ್ದಾಣದ ಮಾದರಿಯನ್ನು ಅದರಲ್ಲಿ ಮುಳುಗಿಸಿಟ್ಟು ಹೊರಗಿನ ಕೆಲಸದ ಅಭ್ಯಾಸ ಮಾಡುತ್ತಾರೆ. ನೆಲದಿಂದ ಹೊರಟ ಆಜ್ಞೆ ನ್ಯೂ ಮೆಕ್ಸಿಕೋದ ಆಂಟೆನಾ ಹತ್ತಿ, ಸುಮಾರು 36,000 ಕಿ.ಮೀ. ಮೇಲಿನ ಉಪಗ್ರಹ ಮುಟ್ಟಿ, ಅಲ್ಲಿಂದ 400 ಕಿ.ಮೀ. ಎತ್ತರದ ನಿಲ್ದಾಣಕ್ಕೆ ಇಳಿಯುತ್ತದೆ. ಚಿತ್ರ ಅದೇ ದಾರಿಯಲ್ಲಿ ವಾಪಸು. ನಡುವೆ ಸಂಪರ್ಕ ಕಡಿಯುವುದೂ ಉಂಟು. ಹಾಗಾಗಿ ಪ್ರತಿ ಚಲನೆಯನ್ನೂ ಮೊದಲೇ ಕಂಪ್ಯೂಟರಿನಲ್ಲಿ ಆಡಿಸಿ ನೋಡಿ, ಇನ್ನೊಬ್ಬರು ಪರಿಶೀಲಿಸಿ, ಸ್ವಲ್ಪ ಸರಿಸಿ, ನಿಲ್ಲಿಸಿ, ಕ್ಯಾಮೆರಾದಲ್ಲಿ ನೋಡಿ, ಮತ್ತೆ ಸ್ವಲ್ಪ. ನಮ್ಮ ಮೇಕರ್-ಚೆಕ್ಕರ್ ಪದ್ಧತಿಯೇ. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡದೆ ಹಣ ಹೋಗಬಾರದು.

2011ರ ಫೆಬ್ರವರಿಯಲ್ಲಿ ಜಪಾನಿನ ಸರಕು ನೌಕೆ ತಂದ ಸಾಮಾನನ್ನು ಡೆಕ್ಸ್‌ಟರ್ ಇಳಿಸಿತು. ಅದರ ಮೊದಲ ಅಧಿಕೃತ ಕೆಲಸ. ಆಗ ನಿಲ್ದಾಣದೊಳಗಿನ ಯಾತ್ರಿಗಳು ನಿದ್ದೆಯಲ್ಲಿದ್ದರು, ಕೈ ಆಡಿಸುತ್ತಿದ್ದವರು ನೆಲದಲ್ಲಿದ್ದರು. 1981ರಲ್ಲಿ ನೆಲದವರ ಕಣ್ಣು ತಪ್ಪಿಸಿ ಯಾತ್ರಿಗಳು ಕೈ ಆಡಿಸಿದ್ದರು. ಈಗ ಯಾತ್ರಿಗಳು ಮಲಗಿರಲಿ ಅಂತ ನೆಲದವರು ಎಚ್ಚರ ಕೂತಿದ್ದರು. 2013ರ ಜನವರಿಯಲ್ಲಿ ಇಂಧನ ತುಂಬುವ ಪ್ರಯೋಗ, 2014ರಲ್ಲಿ ದೊಡ್ಡ ಕೈಯದೇ ಒಂದು ಕ್ಯಾಮೆರಾ ಬದಲಾವಣೆ, ಎರಡೂ ನೆಲದಿಂದಲೇ ಆದವು. 2021ರ ಮೇ ತಿಂಗಳಲ್ಲಿ ಕೈಗೆ ಯಾವುದೋ ಕಸದ ಚೂರು ತಾಗಿ ಸಣ್ಣ ತೂತು ಬಿದ್ದದ್ದು ಕಂಡಿತು. ಕೈ ಕೆಲಸ ನಿಲ್ಲಿಸಲಿಲ್ಲ.

ನಮ್ಮವರೂ ಈ ದಾರಿಗೆ ಬಂದಿದ್ದಾರೆ. 2024ರ ಡಿಸೆಂಬರ್ 30ರಂದು ಹಾರಿದ ಪಿ.ಎಸ್.ಎಲ್.ವಿ.ಯ ಕೊನೆಯ ಹಂತದ ಮೇಲೆ ತಿರುವನಂತಪುರದ ಇಸ್ರೋ ಘಟಕದವರು ಮಾಡಿದ ಏಳು ಕೀಲಿನ ಒಂದು ಪುಟ್ಟ ಕೈ ಇತ್ತು. ಅದೂ ಜಿಗಣೆಯಂತೆ ತುದಿಯಿಂದ ತುದಿಗೆ ನಡೆಯುವಂಥದ್ದು. ಅದೇ ರಾಕೆಟ್ಟಿನಲ್ಲಿ ಹೋದ ಜೋಡಿ ಉಪಗ್ರಹಗಳನ್ನು 2025ರ ಜನವರಿ 16ರಂದು ಕಕ್ಷೆಯಲ್ಲಿ ಒಂದಕ್ಕೊಂದು ಕೂಡಿಸಿದ್ದು ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಿಂದ. ನಮ್ಮದೇ ನಿಲ್ದಾಣ 2035ರ ಹೊತ್ತಿಗೆ ಅನ್ನುತ್ತಿದ್ದಾರೆ. ಅದಕ್ಕೂ ಕೈ ಬೇಕು. ಕೈಗಿಂತ ಮುಂಚೆ ಕೆಳಗೆ ನಿದ್ದೆಗೆಟ್ಟು ಕೂರುವವರು ಬೇಕು. ಅವರಲ್ಲಿ ಯಾರಾದರೂ ಎದ್ದು ನಿಂತು 'ಒಂದು ಚಿತ್ರ ತೆಗೆಸಿ ನೋಡೋಣ ಸಾರ್' ಅಂದರೆ ಕಿವಿಗೊಡುವ ಮೇಲಧಿಕಾರಿ ಬೇಕು.

ನಾನೀಗ ಕೌಂಟರಿನಲ್ಲಿಲ್ಲ, ಹಿಂದಿನ ಕೋಣೆಯಲ್ಲಿ ತಾಳೆ ನೋಡುವ ವಿಭಾಗದಲ್ಲಿದ್ದೇನೆ. ಗ್ರಾಹಕರ ಮುಖ ಕಾಣುವುದಿಲ್ಲ. ಹೋದ ತಿಂಗಳು ಹೊಸ ಹುಡುಗಿಯೊಬ್ಬಳ ಎಂಟ್ರಿಯಲ್ಲಿ ವ್ಯತ್ಯಾಸ ಸಿಕ್ಕಿತು. ಶಾಖೆಗೆ ಫೋನು ಮಾಡಿದೆ. "ಅವಳದೇ ತಪ್ಪು, ನೋಟ್ ಹಾಕಿಬಿಡಿ" ಅಂದರು ಆ ಕಡೆಯವರು. "ತಡೀರಿ, ಅವಳಿಗೆ ಪರದೆ ಮೇಲೆ ಏನು ಕಾಣಿಸ್ತಿತ್ತು ಅಂತ ಮೊದಲು ಕೇಳೋಣ" ಅಂದೆ. ಕೇಳಿದೆವು. ಆ ಪಾರ್ಟಿಗೂ ಅವತ್ತೇ ನಾನೇ ಫೋನು ಮಾಡಿ ವಿಷಯ ತಿಳಿಸಿದೆ.

ನೀಲಿ ನೋಟು ಡಬ್ಬಿಗೆ ಹೋಗಿಲ್ಲ. ಪಾಸಿನ ಜೊತೆ ಪರ್ಸಿನಲ್ಲೇ ಇದೆ.